ನಾನೂರ ಹನ್ನೆರಡು ಉತ್ತರಗಳು

ಚಿರ್ಪಾನ್, 6 ಮಾರ್ಚ್ 2022
ಕ್ಷಮೆಯ ಭಾನುವಾರ

ಪ್ರೀತಿಯ ಕುಮ್,

ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಕ್ಷಮಿಸು. ಈ ವರ್ಷ ನಾನು, ಡೊನ್ಕಾ, ಬಿಲ್ಯಾನಾ ತಿಳಿದೋ ತಿಳಿಯದೆಯೋ ನಿನಗೆ ಮಾಡಿದ ತಪ್ಪನ್ನೆಲ್ಲ ಕ್ಷಮಿಸು. ಮದುವೆಯಲ್ಲಿ ನನ್ನ, ಡೊನ್ಕಾಳ ತಲೆಯ ಮೇಲೆ ಕಿರೀಟ ಹಿಡಿದು ನಮಗೆ ಕುಮ್ ಆದವನು ನೀನು. ನಮ್ಮ ಮಗು ಬಿಲ್ಯಾನಾಳನ್ನು ಜ್ಞಾನಸ್ನಾನದ ನೀರಿನಿಂದೆತ್ತಿ ಹೆಸರಿಟ್ಟವನೂ ನೀನೇ. ಒಂಬತ್ತು ವರ್ಷ ಈ ಭಾನುವಾರದಂದು ಹಲ್ವ, ಕಿತ್ತಳೆ, ಒಂದು ಬಾಟಲಿ ರಾಕಿಯಾ ಹಿಡಿದು ನಿನ್ನ ಬಾಗಿಲಿಗೆ ಬಂದು, ಕೈಗೆ ಮುತ್ತಿಟ್ಟು ಇದೇ ಮಾತು ಕೇಳಿದ್ದೇವೆ. ಈ ಸಲ ಕಾಗದದಲ್ಲಿ ಕೇಳುವ ಹಾಗಾಯಿತು.

ಬಿಲ್ಯಾನಾ ಮಾತ್ರ ಒಪ್ಪಲಿಲ್ಲ. ಕುಮ್ ಮನೆಗೆ ಹೋಗದಿದ್ದರೆ ಹಬ್ಬ ಹೇಗಾಗುತ್ತದೆ ಎಂದು ಹಟ ಹಿಡಿದಳು. ನಿನ್ನ ಬೀಗದ ಕೈ ನನ್ನ ಹತ್ತಿರ ಇದೆಯಲ್ಲ, ಹೋದೆವು. ಗಿಡಗಳಿಗೆ ನೀರು ಹಾಕಿದೆ. ಖಾಲಿ ಮನೆಯಲ್ಲಿ ಡೊನ್ಕಾ ದೀಪದ ಕೊಂಡಿಗೆ ದಾರ ಕಟ್ಟಿ ಹಲ್ವ ಇಳಿಬಿಟ್ಟಳು. ಬಿಲ್ಯಾನಾ ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹಿಡಿಯಲು ಕುಣಿದಳು. ದಾರ ಆಡಿಸಲು ನೀನಿರಲಿಲ್ಲ, ನಾನೇ ಆಡಿಸಿದೆ. ನಿನ್ನಷ್ಟು ಕಾಡಿಸಲು ನನಗೆ ಬರುವುದಿಲ್ಲ, ಎರಡನೇ ಸಲಕ್ಕೇ ಅವಳ ಬಾಯಿಗೆ ಸಿಕ್ಕಿಬಿಟ್ಟಿತು.

ಆಮೇಲೆ ಅಡುಗೆಮನೆಯ ಆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ, ಬಸ್ಸು ನಿಲ್ಲಿಸಿ, ಮಧ್ಯಾಹ್ನದ ಟ್ರಿಪ್ಪಿನ ತನಕ ಎರಡು ವರ್ಷ ಕೂತ ಕುರ್ಚಿ. ಗುರುವಾರ ಮಾತ್ರ ಬರುತ್ತಿರಲಿಲ್ಲ, ಅವತ್ತು ಮಕ್ಕಳನ್ನು ಸ್ತಾರಾ ಜಗೊರಾದ ಈಜುಕೊಳಕ್ಕೆ ಕರೆದೊಯ್ಯಬೇಕಿತ್ತು. ನನಗೆ ಇಸ್ಪೀಟು ಕಲೆಸಲೂ ಬಾರದು. ಆದರೂ ನಿನ್ನ ಪ್ರೋಗ್ರಾಂ ನನ್ನ ಹೆಸರಿನ ಖಾತೆಯಲ್ಲಿ ಕೂತು ಪರದೆಯ ಮೇಲೆ ಪೋಕರ್ ಆಡುತ್ತಿತ್ತು. ನನ್ನ ಕೆಲಸ ಒಂದೇ. ಆಟದ ಕಂಪನಿಯವರು ಆಗಾಗ ಒಂದು ಪುಟ್ಟ ಕಿಟಕಿ ತೆರೆದು, "ಅಲ್ಲಿದ್ದೀರಾ?" ಎಂದು ಕೇಳುತ್ತಿದ್ದರು. ಒಂದು ನಿಮಿಷದೊಳಗೆ ಉತ್ತರ ಕೊಡಬೇಕು. ಮೊದಲ ದಿನ ಏನು ಬರೆಯಬೇಕೋ ತಿಳಿಯದೆ ಕಣ್ಣಿಗೆ ಕಂಡದ್ದನ್ನೇ ಒತ್ತಿದ್ದೆ: "ಇದ್ದೇನೆ. ಬೀನ್ಸ್ ಸಾರು ಕುದಿಯುತ್ತಿದೆ." ಸಂಜೆ ನಿನ್ನ ರಿಪೇರಿ ಅಂಗಡಿಯ ಕೆಲಸ ಮುಗಿಸಿ ಬಂದು ಅದನ್ನೋದಿ ನೀನು ಕುರ್ಚಿಯಿಂದ ಬೀಳುವಷ್ಟು ನಕ್ಕೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಬಸ್ಸೂ ಚೆನ್ನಾಗಿದೆ. ಎರಡನೇ ಕೋರ್ಟೂ ನಿನಗೆ ಮೂರು ವರ್ಷ ಖಾಯಂ ಮಾಡಿತು ಎಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನೀನು ಹೇಳಿದಂತೆ ತಪ್ಪೊಪ್ಪಿಗೆಗೆ ಸಹಿ ಹಾಕಿ ನಾನು ಮನೆಯಲ್ಲಿದ್ದೇನೆ, ನೀನು ಅಲ್ಲಿ. ಬಿಲ್ಯಾನಾ ಮಾರ್ಚ್ ಒಂದರ ಕೆಂಪು-ಬಿಳಿ ದಾರ ಹೆಣೆದಿದ್ದಾಳೆ, ಇದರಲ್ಲಿ ಇಟ್ಟಿದ್ದೇನೆ. ಕೊಕ್ಕರೆ ಕಾಣುವ ತನಕ ಕೈಗೆ ಕಟ್ಟಿಕೊಂಡಿರಬೇಕಂತೆ.

ನಿನ್ನ,
ಸ್ತಾಮೆನ್


ಜೈಲು, 29 ಮಾರ್ಚ್ 2022

ಸ್ತಾಮೆನ್,

ಕ್ಷಮಿಸಿದ್ದೇನೆ. ದೇವರೂ ಕ್ಷಮಿಸಲಿ. ಕುಮ್ ಹೇಳಬೇಕಾದ್ದು ಇಷ್ಟೇ. ಇನ್ನು ಒಂದು ವರ್ಷ ನೀನು ಹೊಸ ತಪ್ಪು ಮಾಡಿಕೊಂಡು ಆರಾಮಾಗಿರಬಹುದು.

ದಾರ ಒಳಗೆ ಬಿಡಲಿಲ್ಲ. ಲಕೋಟೆ ಕೊಟ್ಟರು, ದಾರ ಇಟ್ಟುಕೊಂಡರು. ಅದರಿಂದ ನೇಣು ಹಾಕಿಕೊಳ್ಳಬೇಕಾದರೆ ನಾನು ಇಲಿಯಾಗಿರಬೇಕು ಅಂದೆ. ಕಾವಲಿನವನಿಗೆ ನಗು ಬರಲಿಲ್ಲ. ಕೊಕ್ಕರೆಗಳು ಇಲ್ಲಿಗೂ ಬಂದಿವೆ, ಹೊಗೆಗೂಡಿನ ಮೇಲೆ ಗೂಡು ಕಟ್ಟಿವೆ ಎಂದು ಬಿಲ್ಯಾನಾಗೆ ಹೇಳು.

ಇಲ್ಲಿ ನನ್ನ ಕೆಲಸ ರಟ್ಟಿನ ಪೆಟ್ಟಿಗೆ ಮಡಚುವುದು. ಮೂರು ಮಡಿಕೆ, ಒಂದು ಅಂಟು. ಇದಕ್ಕೊಂದು ಯಂತ್ರ ಮಾಡಿಕೊಡುತ್ತೇನೆ ಅಂದೆ. ಮೇಸ್ತ್ರಿ, "ಯಂತ್ರ ಮಾಡಿದ್ದಕ್ಕೇ ಅಲ್ವೇನಯ್ಯಾ ಒಳಗ್ ಬಂದಿರೋದು?" ಅಂದ. ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಜೊತೆಯವರಲ್ಲಿ ಒಬ್ಬ ಮನೆಗೆ ಕನ್ನ ಹಾಕಿದವನು, ಇನ್ನೊಬ್ಬ ಹೆಂಡತಿಯ ಅಣ್ಣನನ್ನು ಚುಚ್ಚಿದವನು. ಯಂತ್ರ ಪೋಕರ್ ಆಡಿದ್ದು ಯಾಕೆ ವಂಚನೆ ಎಂದು ಅವರು ನನ್ನನ್ನು ದಿನಾ ಕೇಳುತ್ತಾರೆ. ಎಲ್ಲರಿಗೂ ಬಿದ್ದಂತೆಯೇ ಎಲೆ ಬೀಳುತ್ತಿತ್ತು, ಯಾರ ಕೈಯನ್ನೂ ಅದು ಕದ್ದು ನೋಡಲಿಲ್ಲ, ನಿದ್ದೆ ಬಾರದೆ ಆಡಿತು ಅಷ್ಟೇ ಎನ್ನುತ್ತೇನೆ. ಅವರಿಗೆ ಅರ್ಥವಾಗುತ್ತದೆ, ನ್ಯಾಯಾಧೀಶರಿಗೆ ಆಗಲಿಲ್ಲ.

ನನ್ನ ವಕೀಲ ದೆಸ್ಪೊವ್ ಎಲ್ಲಕ್ಕಿಂತ ಮೇಲಿನ ಕೋರ್ಟಿಗೆ ಹಾಕಿದ್ದಾನೆ. ಹಳೆಯ ದಿನಗಳ ಬಗ್ಗೆ ಯಾರಾದರೂ ಬಂದು ಕೇಳಿದರೆ, ಸಹಿ ಹಾಕಿದ್ದೇನೆ, ನನ್ನ ಪಾಲಿಗೆ ಮುಗಿದಿದೆ ಅನ್ನು. ಅದಕ್ಕಿಂತ ಒಂದು ಮಾತು ಹೆಚ್ಚು ಬೇಡ. ನೀನು ಮಾತಾಡಲು ಶುರು ಮಾಡಿದರೆ ನಿಲ್ಲಿಸುವವನಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಗಿಡಗಳಿಗೆ ನೀರು ಜಾಸ್ತಿ ಹಾಕಬೇಡ.

ವೆಸೆಲಿನ್


ಚಿರ್ಪಾನ್, 20 ಅಕ್ಟೋಬರ್ 2022

ಪ್ರೀತಿಯ ಕುಮ್,

ಇಷ್ಟು ತಿಂಗಳು ಬರೆಯದಿದ್ದಕ್ಕೆ ಬೇಜಾರಾಗಬೇಡ. ಕೈಗೆ ಸ್ವಲ್ಪ ಏಟಾಗಿತ್ತು, ಬಸ್ಸಿನ ಬಾಗಿಲಿಗೆ ಸಿಕ್ಕಿತು. ಈಗ ವಾಸಿಯಾಗಿದೆ, ಅಕ್ಷರ ಮಾತ್ರ ಸೊಟ್ಟ.

ಬಿಲ್ಯಾನಾ ಮೂರನೇ ತರಗತಿ. ಈಗ ಅವಳನ್ನು ಶಾಲೆಗೆ ಡೊನ್ಕಾ ನಡೆಸಿಕೊಂಡು ಹೋಗುತ್ತಾಳೆ, ನಡೆಯುವುದು ಒಳ್ಳೆಯದಂತೆ. ನಿನ್ನ ದೊಡ್ಡ ಎಲೆಯ ಗಿಡ ಒಣಗಿತು. ನೀರು ಜಾಸ್ತಿ ಹಾಕಿ ಅಲ್ಲ, ಚಳಿಗೆ. ಉಳಿದವು ಇವೆ.

ಬೇರೇನೂ ವಿಶೇಷವಿಲ್ಲ.

ಸ್ತಾಮೆನ್


ಜೈಲು, 4 ಡಿಸೆಂಬರ್ 2022

ಸ್ತಾಮೆನ್,

ಏಳು ತಿಂಗಳಿಗೆ ಒಂದು ಕಾಗದ, ಅದರಲ್ಲಿ ಅರ್ಧ ಗಿಡದ ಸಾವು. ನನಗೆ ಅರ್ಥವಾಗುತ್ತದೆ. ಕೈದಿಗೆ ಬರೆಯುವುದು ಬೇಸರದ ಕೆಲಸ. ಊರಲ್ಲಿ ಮರ್ಯಾದೆಯಿಂದ ಬಸ್ಸು ಓಡಿಸುವವನ ವಿಳಾಸಕ್ಕೆ ಜೈಲಿನ ಮುದ್ರೆ ಬಿದ್ದ ಲಕೋಟೆ ಬರುವುದೂ ಚೆಂದವಲ್ಲ.

ಒಂದು ಮಾತು ನೆನಪಿಸುತ್ತೇನೆ, ಹಂಗಿಸಲು ಅಲ್ಲ. ಅವತ್ತು ಸರ್ಕಾರಿ ವಕೀಲ ನಿನ್ನ ಮುಂದೆ ಕಾಗದ ಇಟ್ಟಾಗ ನೀನು ಸಹಿ ಹಾಕಲು ಒಪ್ಪದೆ ನನ್ನ ಮುಖ ನೋಡಿದೆ. "ನಾವ್ ಮೋಸ ಮಾಡಿಲ್ವಲ್ಲ ಕುಮ್, ಮಾಡಿದ್ದೀನಿ ಅಂತ ಹೆಂಗ್ ಬರ್ಕೊಡ್ಲಿ?" ಅಂದೆ. ಹಾಕು, ನಿನಗೆ ಮಗುವಿದೆ, ಸಹಿ ಹಾಕಿದರೆ ಜೈಲಿಲ್ಲ, ನಾನೊಬ್ಬನೇ ಹೋರಾಡುತ್ತೇನೆ ಎಂದವನು ನಾನು. ಅದರಿಂದ ನೀನು ಇವತ್ತು ಹೆಂಡತಿಯ ಪಕ್ಕದಲ್ಲಿ ಮಲಗುತ್ತೀಯ, ನಾನು ಐದು ಜನರ ಗೊರಕೆಯ ನಡುವೆ. ಇರಲಿ, ಕುಮ್ ಅಂದರೆ ಇದೇ ಅಲ್ಲವೆ?

ಹಬ್ಬಕ್ಕಾದರೂ ನಾಲ್ಕು ಸಾಲು ಬರೆ.

ವೆಸೆಲಿನ್


ಚಿರ್ಪಾನ್, 26 ಫೆಬ್ರವರಿ 2023
ಕ್ಷಮೆಯ ಭಾನುವಾರ

ಪ್ರೀತಿಯ ಕುಮ್,

ಕ್ಷಮಿಸು. ಈ ಸಲ ನಿಜವಾಗಿ ತಪ್ಪು ಮಾಡಿ ಕೇಳುತ್ತಿದ್ದೇನೆ. ನಿನಗೆ ಸುಳ್ಳು ಬರೆಯುತ್ತಿದ್ದೆ.

ಬಸ್ಸಿಲ್ಲ. ನೀನು ಒಳಗೆ ಹೋದ ಹತ್ತನೇ ದಿನಕ್ಕೇ ಹೋಯಿತು. ಮಕ್ಕಳ ಬಸ್ಸು ಓಡಿಸುವವನು ಪ್ರತಿ ವರ್ಷ ಶಿಕ್ಷೆಯಾಗಿಲ್ಲ ಎಂಬ ಪ್ರಮಾಣಪತ್ರ ಕೊಡಬೇಕು, ನಿನಗೂ ಗೊತ್ತು, ನಾವಿಬ್ಬರೂ ಅದನ್ನು ಮರೆತಿದ್ದೆವು. ಕೋರ್ಟಿನ ಕೌಂಟರಿನ ಹೆಂಗಸು ಹಾಳೆಯನ್ನು ತಿರುಗಿಸಿ ನನ್ನತ್ತ ತಳ್ಳಿದಳು. ಖಾಲಿ ಇರಬೇಕಾದ ಕಡೆ "ವಂಚನೆ" ಎಂದು ಅಚ್ಚಾಗಿತ್ತು. ಜೈಲಿಗೆ ಹೋಗದಿದ್ದರೂ ಶಿಕ್ಷೆ ಶಿಕ್ಷೆಯೇ ಅಂದಳು. ಹೆಡ್‌ಮಾಸ್ತರು ಒಳ್ಳೆಯವರು. ಬಾಗಿಲು ಹಾಕಿ, ಕಾಫಿ ಕೊಟ್ಟು, "ಸ್ತಾಮೆನ್, ನಂಗೆ ನಿಮ್ಮ ಮೇಲೆ ನಂಬ್ಕೆ ಇದೆ. ಆದ್ರೆ ಅಪ್ಪ ಅಮ್ಮಂದ್ರಿಗೆ ನಾನೇನು ಹೇಳ್ಲಿ?" ಎಂದರು. ಕೀಲಿ ಮೇಜಿನ ಮೇಲಿಟ್ಟು ಬಂದೆ.

ಈಗ ಕೋಳಿ ಕಾರ್ಖಾನೆಯಲ್ಲಿ ಲಾರಿಯಿಂದ ಪಂಜರ ಇಳಿಸುತ್ತೇನೆ. ಕೈಗೆ ಏಟಾದದ್ದು ಪಂಜರದ ತಂತಿಯಿಂದ. ಬಿಲ್ಯಾನಾ ಆ ಬಸ್ಸು ಹತ್ತುವುದಿಲ್ಲ, ಅಪ್ಪನ ಸೀಟಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ ಎನ್ನುತ್ತಾಳೆ. ತರಗತಿಯಲ್ಲಿ ಒಬ್ಬ, ನಿಮ್ಮಪ್ಪ ಕಂಪ್ಯೂಟರ್ ಕಳ್ಳ ಅಂದನಂತೆ. ನಮ್ಮಪ್ಪನಿಗೆ ಕಂಪ್ಯೂಟರ್ ಹಾಕಲೇ ಬರಲ್ಲ ಎಂದು ಜಗಳವಾಡಿ ಬಂದಿದ್ದಳು.

ನಿನಗೆ ಹೇಳದೆ ಇದ್ದುದು ಯಾಕೆಂದರೆ, ನನಗೋಸ್ಕರ ಜೈಲಿಗೆ ಹೋದವನ ಮುಂದೆ ಕೆಲಸ ಹೋಯಿತು ಎಂದು ಅಳುವುದು ನನಗೆ ನಾಚಿಕೆ. ನೀನು ಹೇಳಿದ್ದು ಸರಿಯೇ ಆಗಿತ್ತು. ನನ್ನ ಒಳ್ಳೆಯದಕ್ಕೇ ಹೇಳಿದೆ. ನಮ್ಮ ಮನೆಯಲ್ಲಿ ಯಾರೂ ನಿನ್ನ ಮೇಲೆ ಬೇಜಾರು ಮಾಡಿಕೊಂಡಿಲ್ಲ. ಡೊನ್ಕಾ ಕೂಡ.

ಸ್ತಾಮೆನ್


ಬುರ್ಗಾಸ್, 30 ಸೆಪ್ಟೆಂಬರ್ 2023

ಸ್ತಾಮೆನ್, ನನ್ನ ಸ್ತಾಮೆನ್,

ಗೆದ್ದೆವು. ಮುದ್ರೆ ಇಲ್ಲದ ಲಕೋಟೆ ನೋಡಿಯೇ ನಿನಗೆ ಗೊತ್ತಾಗಿರಬೇಕು. ಹನ್ನೆರಡು ದಿನದ ಹಿಂದೆ ಬಿಟ್ಟರು. ನೇರ ಅಕ್ಕನ ಮನೆಗೆ ಬಂದು ಸಮುದ್ರ ನೋಡುತ್ತಾ ಬಿದ್ದುಕೊಂಡಿದ್ದೇನೆ. ಮೂರು ದಿನ ಬರೀ ಹುರಿದ ಮೀನು ತಿಂದೆ.

ಮೇಲಿನ ಕೋರ್ಟು ಎರಡೂ ತೀರ್ಪು ರದ್ದು ಮಾಡಿದೆ. ಪ್ರತಿ ಕಳಿಸಿದ್ದೇನೆ, ಹದಿನಾಲ್ಕನೇ ಪುಟ ನೋಡು. ಪ್ರೋಗ್ರಾಂ ಆಡಿತು ಎಂಬುದರಿಂದಲೇ ವಂಚನೆಯಾಗುವುದಿಲ್ಲ, ವಂಚನೆಗೆ ಯಾರಾದರೂ ಮೋಸಹೋಗಿರಬೇಕು ಎಂದಿದ್ದಾರೆ. ಕಂಪನಿಗೆ ಬೇಕಿದ್ದದ್ದು ಖಾತೆಯ ಮನುಷ್ಯ ಪರದೆಯ ಮುಂದೆ ಇದ್ದಾನೆ ಎಂಬ ಭರವಸೆ. ಅವರು ನಾನೂರ ಹನ್ನೆರಡು ಸಲ ಕೇಳಿದರು, ನಾನೂರ ಹನ್ನೆರಡು ಸಲವೂ ಮನುಷ್ಯ ಉತ್ತರ ಕೊಟ್ಟ, ಆದ್ದರಿಂದ ಯಾರೂ ಮೋಸಹೋಗಿಲ್ಲ. ಹೀಗೆಂದು ಮೂವರು ನ್ಯಾಯಾಧೀಶರು ಕೂತು ಬರೆದಿದ್ದಾರೆ. ನಿನ್ನ ಉತ್ತರಗಳನ್ನೆಲ್ಲ ಕೊನೆಗೆ ಪಟ್ಟಿ ಮಾಡಿ ಹಾಕಿದ್ದಾರೆ. ನಿನ್ನ ಬೀನ್ಸ್ ಸಾರು ಈಗ ಕಾನೂನಿನ ದಾಖಲೆ. ಅದೇ ನನ್ನನ್ನು ಹೊರಗೆ ತಂದಿತು.

ಫೆಬ್ರವರಿಯ ನಿನ್ನ ಕಾಗದಕ್ಕೆ ಉತ್ತರಿಸಲಾಗಲಿಲ್ಲ, ವಿಚಾರಣೆಯ ಗಡಿಬಿಡಿ. ಕೋಳಿ ಪಂಜರದ ಕೆಲಸ ಬಿಡು. ಸರ್ಕಾರದ ಪರಿಹಾರ ಬರಲಿ, ನಿನಗೊಂದು ವ್ಯಾನು ಕೊಡಿಸುತ್ತೇನೆ. ನಮ್ಮಿಬ್ಬರ ಹೆಸರೂ ತೊಳೆದುಹೋಯಿತು. ಡೊನ್ಕಾಗೆ ಹೇಳು, ಬಿಲ್ಯಾನಾಗೆ ಮುತ್ತು ಕೊಡು.

ನಿನ್ನ ಕುಮ್


ಚಿರ್ಪಾನ್, 12 ನವೆಂಬರ್ 2023

ವೆಸೆಲಿನ್,

ನಿನ್ನ ಕಾಗದ ಬಂದ ದಿನ ಡೊನ್ಕಾ ಕುಂಬಳದ ಬಾನಿತ್ಸಾ ಮಾಡಿದಳು. ಬಿಲ್ಯಾನಾ ನಾಳೆಯಿಂದ ಬಸ್ಸಿನಲ್ಲೇ ಹೋಗುತ್ತೇನೆ ಅಂದಳು. ನಾನು ಕಾರ್ಖಾನೆಗೆ ರಜೆ ಹಾಕಿ, ಮದುವೆಯ ಕೋಟು ಹಾಕಿಕೊಂಡು, ತೀರ್ಪಿನ ಪ್ರತಿ ಹಿಡಿದು ಕೋರ್ಟಿಗೆ ಹೋದೆ. ನನ್ನ ಕಾಗದದಿಂದಲೂ ಆ ಪದ ತೆಗೆಯಿರಿ ಅಂದೆ. ಗುಮಾಸ್ತ ಎರಡೂ ಓದಿದ. ಅಯ್ಯೋ ಪಾಪ ಎನ್ನುವ ಮುಖ ಮಾಡಿ, "ಇದು ಅವ್ರ ಕೇಸು. ಅವ್ರು ತಪ್ಪಿಲ್ಲ ಅಂದ್ರು, ಗೆದ್ರು. ನೀವು ತಪ್ಪಾಯ್ತು ಅಂತ ಸಹಿ ಹಾಕಿದ್ದೀರಲ್ಲ ಸ್ವಾಮಿ" ಅಂದ. ಹಾಗಾದರೆ ಆ ಅಪರಾಧ ನಡೆದೇ ಇಲ್ಲ, ಆದರೂ ಅದನ್ನು ನಾನು ಮಾಡಿದ್ದೇನೆ, ಅಲ್ಲವೆ ಎಂದು ಕೇಳಿದೆ. ಅವನು, ಕಾಗದದ ಪ್ರಕಾರ ಹೌದು ಅಂದ. ಇಬ್ಬರು ವಕೀಲರನ್ನು ಕೇಳಿದೆ, ಅವರದ್ದೂ ಅದೇ ಮಾತು. ಸಹಿ ಹಾಕಿದವನಿಗೆ ಮೇಲಿನ ಕೋರ್ಟಿಲ್ಲ.

ಇಷ್ಟಾದರೂ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ದುರದೃಷ್ಟ ಅಂದುಕೊಂಡೆ. ಆಮೇಲೆ ಒಂದು ಭಾನುವಾರ ಡೊನ್ಕಾ ದಿನಾಂಕ, ಗಂಟೆ ಸಮೇತ ಅಚ್ಚಾದ ಆ ಪಟ್ಟಿ ಓದಲು ಕೂತಳು, ನನ್ನ ಗಂಡ ಎರಡು ವರ್ಷ ಏನೇನು ಹರಟಿದ್ದಾನೆ ನೋಡೋಣ ಎಂದು. ಓದಿ ಓದಿ ನಗುತ್ತಿದ್ದಳು. ನಗುವುದನ್ನು ನಿಲ್ಲಿಸಿ, ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರ್ ಇಳಿಸಿದಳು. ಅದರಲ್ಲಿ ಪ್ರತಿ ಗುರುವಾರ ಅವಳೇ ನೀಲಿ ಪೆನ್ನಿನಲ್ಲಿ ಈಜುಕೊಳ ಎಂದು ಬರೆದಿದ್ದಳು, ನನ್ನ ಬುತ್ತಿ ಕಟ್ಟಲು ನೆನಪಿರಲಿ ಎಂದು.

ಗುರುವಾರಗಳಲ್ಲೂ ಉತ್ತರಗಳಿವೆ, ವೆಸೆಲಿನ್. ಐವತ್ತೇಳು. ಹತ್ತು ಗಂಟೆಗೆ, ಹನ್ನೊಂದಕ್ಕೆ. "ಇದ್ದೇನೆ. ಬೀನ್ಸ್ ಸಾರು ಕುದಿಯುತ್ತಿದೆ." ಆ ಹೊತ್ತಿನಲ್ಲಿ ನಾನು ಕೊಳದ ದಂಡೆಯ ಮೇಲೆ ಮೂವತ್ತು ಮಕ್ಕಳ ಚಪ್ಪಲಿ ಕಾಯುತ್ತಾ ಕೂತಿದ್ದೆ. ನೀನು ರಿಪೇರಿ ಅಂಗಡಿಯಲ್ಲಿದ್ದೆ. ಗುರುವಾರ ಪ್ರೋಗ್ರಾಂ ನಿಲ್ಲಿಸಿರುತ್ತೇನೆ ಎಂದು ನೀನೇ ಹೇಳಿದ್ದೆ.

ಉತ್ತರ ಕೊಟ್ಟವರು ಯಾರು?

ಸ್ತಾಮೆನ್


ಬುರ್ಗಾಸ್, 10 ಡಿಸೆಂಬರ್ 2023

ಪ್ರೀತಿಯ ಸ್ತಾಮೆನ್,

ಇದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಗಡಿಯಾರ ತಪ್ಪಿರಬೇಕು ಎಂದಿದ್ದೆ. ಡೊನ್ಕಾ ನಂಬುವುದಿಲ್ಲ.

ಪ್ರೋಗ್ರಾಂ ಉತ್ತರ ಕೊಟ್ಟಿತು. ನೀನು ಬರೆದದ್ದನ್ನೆಲ್ಲ ಅದಕ್ಕೆ ಉಣಿಸಿದ್ದೆ, ಗುರುವಾರ ಅದರಿಂದಲೇ ಒಂದನ್ನು ಆರಿಸಿ ಕಳಿಸುತ್ತಿತ್ತು. ವಾರಕ್ಕೊಂದು ದಿನ ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ನಿನಗೆ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ.

ಉಳಿದದ್ದನ್ನೂ ಹೇಳಿಬಿಡುತ್ತೇನೆ, ನೀನು ಹೇಗೂ ಅಲ್ಲಿಗೇ ಬರುತ್ತೀಯ. ನಿನ್ನ ಉತ್ತರಗಳ ಮೇಲೆ ಕೇಸು ಗೆಲ್ಲಬಹುದು ಎಂದು ದೆಸ್ಪೊವ್ ಮೊದಲೇ ಕಂಡುಕೊಂಡಿದ್ದ. ಆದರೆ ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ, ಎಲ್ಲ ದಿನವೂ ನೀನೇ ಇದ್ದೆಯಾ ಎಂದು ಯಾರಾದರೂ ಕೇಳಿದರೆ, ಗುರುವಾರ ಇರಲಿಲ್ಲ ಅನ್ನುತ್ತಿದ್ದೆ. ಸುಳ್ಳು ಹೇಳು ಎಂದು ನಿನಗೆ ಕಲಿಸಲು ಸಾಧ್ಯವಿತ್ತೇ? ಸಹಿ ಹಾಕಿದವನನ್ನು ಮತ್ತೆ ಕರೆಯುವುದಿಲ್ಲ ಎಂದ ದೆಸ್ಪೊವ್. ನಿನಗೆ ಜೈಲು ತಪ್ಪುತ್ತದೆ, ನನಗೆ ಒಂದು ದಾರಿ ಉಳಿಯುತ್ತದೆ, ಇಬ್ಬರಿಗೂ ಒಳ್ಳೆಯದು ಅಂದುಕೊಂಡೆ. ಬಸ್ಸಿನ ವಿಷಯ ನಿಜವಾಗಿ ಹೊಳೆಯಲಿಲ್ಲ. ಹೊಳೆದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಬೇಡ.

ನಾನು ಒಂದೂವರೆ ವರ್ಷ ಒಳಗಿದ್ದೆ ಎಂಬುದನ್ನು ಮರೆಯಬೇಡ. ಹೊಸ ಸಾಕ್ಷಿ ಬಂದರೆ ಕೇಸು ಮತ್ತೆ ತೆರೆಯಬಹುದಂತೆ. ಆ ಕ್ಯಾಲೆಂಡರ್ ಇನ್ನೂ ಇದೆಯೇ?

ವ್ಯಾನಿನ ಮಾತು ಮಾತೇ.

ವೆಸೆಲಿನ್


ಬುರ್ಗಾಸ್, 2 ಫೆಬ್ರವರಿ 2024

ಸ್ತಾಮೆನ್,

ಎರಡು ತಿಂಗಳಾಯಿತು. ಫೋನು ಎತ್ತುವುದಿಲ್ಲ. ಡೊನ್ಕಾ ಎತ್ತಿ, ನನ್ನ ದನಿ ಕೇಳಿ ಇಟ್ಟುಬಿಟ್ಟಳು. ಬೈಯಬೇಕೆಂದರೆ ಬೈ, ನಾನು ಕೇಳುತ್ತೇನೆ. ಇದು ಚೆನ್ನಾಗಿಲ್ಲ.

ಮುಂದಿನ ವಾರ ಊರಿಗೆ ಬರುತ್ತಿದ್ದೇನೆ.

ವೆಸೆಲಿನ್


ಚಿರ್ಪಾನ್, 17 ಮಾರ್ಚ್ 2024
ಕ್ಷಮೆಯ ಭಾನುವಾರ

ಸ್ತಾಮೆನ್,

ನಿನ್ನ ಮನೆಯಿಂದ ಎರಡು ಬೀದಿ ಆಚೆ ಕೂತು ಕಾಗದ ಬರೆಯುತ್ತಿದ್ದೇನೆ. ಕಳೆದ ತಿಂಗಳು ನಾನು ಬಂದ ದಿನ ಬೀಗದ ಕೈ ಪೋಸ್ಟಿನ ಡಬ್ಬಿಯಲ್ಲಿತ್ತು, ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ಗಿಡಗಳಿಗೆ ಯಾರೋ ಅವತ್ತು ಬೆಳಿಗ್ಗೆಯಷ್ಟೇ ನೀರು ಹಾಕಿದ್ದರು. ನೀನೇ ಇರಬೇಕು.

ಇವತ್ತು ಬರುತ್ತೀರಿ ಅಂದುಕೊಂಡಿದ್ದೆ. ಏನೇ ಇರಲಿ, ಇವತ್ತು ಕುಮ್ ಮನೆಗೆ ಬಾರದೆ ಯಾರು ಇರುತ್ತಾರೆ? ಬಿಳಿ ಹಲ್ವ ತಂದೆ. ದೀಪದ ಕೊಂಡಿಗೆ ದಾರ ಕಟ್ಟಿದೆ. ಆ ಕಡೆಯ ಮನೆಗಳಿಗೆ ಜನ ಕಿತ್ತಳೆ ಹಿಡಿದು ಹೋಗುವುದು, ಬರುವುದು, ಎಲ್ಲ ಕಿಟಕಿಯಿಂದ ಕಾಣಿಸುತ್ತಿತ್ತು. ಸಂಜೆ ಆರಕ್ಕೆ ಬಿಲ್ಯಾನಾ ಬೀದಿಯ ತುದಿಯಲ್ಲಿ ಕಂಡಳು, ಎಷ್ಟು ಎತ್ತರ ಆಗಿದ್ದಾಳೆ. ನನ್ನ ಕಿಟಕಿ ನೋಡಿದಳು. ನಾನು ಕೈ ಎತ್ತಿದೆ. ಅವಳು ತಿರುಗಿ ನಡೆದುಹೋದಳು. ಒಂಬತ್ತರ ತನಕ ಕೂತು ದಾರ ಬಿಚ್ಚಿದೆ.

ಕುಮ್ ಆದವನು ಮೊದಲು ಕೇಳುವ ಪದ್ಧತಿ ಇಲ್ಲ. ನನ್ನಪ್ಪ ಬದುಕಿದ್ದರೆ ಮುಖ ತಿರುಗಿಸುತ್ತಿದ್ದ. ಆದರೂ ಕೇಳುತ್ತೇನೆ. ಕ್ಷಮಿಸು, ಸ್ತಾಮೆನ್. ನಿನ್ನ ಹೆಸರು ಬಳಸಿದೆ, ನಿನ್ನ ಮಾತು ಬಳಸಿದೆ, ನೀನು ನನ್ನನ್ನು ನಂಬುವುದನ್ನೂ ಬಳಸಿದೆ. ನಿನ್ನಷ್ಟು ನಂಬುವವರು ನನಗೆ ಬೇರೆ ಯಾರೂ ಇರಲಿಲ್ಲ, ಈಗಲೂ ಇಲ್ಲ. ಕ್ಯಾಲೆಂಡರ್ ಹಿಡಿದುಕೊಂಡು ಕೋರ್ಟಿಗೆ ಹೋಗುವುದಾದರೆ ಹೋಗು, ಬೇಡ ಎನ್ನುವ ಬಾಯಿ ನನಗಿಲ್ಲ. ಹೋಗದೆ ಸುಮ್ಮನಿದ್ದರೆ ಅದೇ ನನಗೆ ಹೆಚ್ಚು ಭಯ.

ಒಂದು ಸಾಲು ಸಾಕು. ಬೈಗುಳವಾದರೂ ಸರಿ. ನೀನು ನನಗೆ ಇನ್ನೂ ಇದ್ದೀಯಾ ಎಂದು ತಿಳಿದರೆ ಸಾಕು. ಅಲ್ಲಿದ್ದೀಯಾ?

ವೆಸೆಲಿನ್


ಚಿರ್ಪಾನ್, 21 ಮಾರ್ಚ್ 2024
ಗುರುವಾರ

ಇದ್ದೇನೆ. ಬೀನ್ಸ್ ಸಾರು ಕುದಿಯುತ್ತಿದೆ.